ಮಿಶಿಗನ್ ಕಾಪರ್ ಕಂಟ್ರಿಯ ಹಳೇ ಗಣಿಗಳು: ಅಪ್ಪ-ಅಮ್ಮನ ಜೊತೆ ನಾಲ್ಕು ದಿನಕ್ಕೆ ಯಾವುದು ನೋಡೋದು, ಯಾವುದು ಬಿಡೋದು?

ನೋವೈಕನ್ನಡಿಗ (ಪ್ರಶ್ನೆ)

ಸೆಪ್ಟೆಂಬರ್ ಕೊನೇ ವಾರ ಅಪ್ಪ-ಅಮ್ಮನ್ನ ಕರ್ಕೊಂಡು ಕಾಪರ್ ಕಂಟ್ರಿ, ಅಂದ್ರೆ ಹಳೇ ತಾಮ್ರ ಗಣಿಗಳ ಕೀವಿನಾ ಕಡೆ ಹೋಗೋ ಯೋಚನೆ ಇದೆ. ಡೆಟ್ರಾಯ್ಟ್ ಹತ್ತಿರದ ನೋವೈನಿಂದ ಕಾರು, ಹೋಗೋದು-ಬರೋದು ಸೇರಿ ನಾಲ್ಕು ದಿನ. ಅಪ್ಪನಿಗೆ 71, ಕೆಜಿಎಫ್‌ನಲ್ಲಿ ಚಿನ್ನದ ಗಣಿ ಕಂಪನಿ ಬಿಜಿಎಂಎಲ್‌ನ ವೈಂಡಿಂಗ್ ಎಂಜಿನ್ (ಗಣಿಯಿಂದ ಹಗ್ಗದಲ್ಲಿ ಮೇಲೆಳೆಯೋ ಯಂತ್ರ) ಮನೆಯಲ್ಲಿ ಕೆಲಸ ಮಾಡಿದವರು. ಜಲಪಾತ, ಲೈಟ್‌ಹೌಸ್ ಅವರಿಗೆ ಅಷ್ಟಕ್ಕಷ್ಟೆ. ಶಾಫ್ಟು (ಗಣಿ ಬಾವಿ), ಯಂತ್ರ ಇದ್ರೆ ಊಟ ಮರೀತಾರೆ. ಅಮ್ಮನಿಗೆ ಮಂಡಿ ನೋವು, ಅರ್ಧ ಮೈಲಿ ನಡೆದರೆ ಕೂರಲೇಬೇಕು. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಕೇಳಬೇಕಾಗಿರೋದು ಇಷ್ಟು: ನೆಲದಡಿಯ ಟೂರಿಗೆ ಅಮ್ಮ ಬರಬಹುದಾ? ನಮ್ಮ ಹತ್ರ ಇರೋ ನ್ಯಾಷನಲ್ ಪಾರ್ಕ್ ಪಾಸ್ ಅಲ್ಲಿ ನಡೆಯುತ್ತಾ? ಮರ ಕಡಿಯೋ ಕಾಲದ ಜಾಗಗಳೂ ಇವೆ ಅಂತಾರಲ್ಲ, ಅವು ದಾರೀಲಿ ಸಿಗ್ತವಾ, ಬೇರೆ ಹೋಗಬೇಕಾ?

ಲಿಫ್ಟ್‌ಬ್ರಿಜ್

ತಂದೆಯವರು ವೈಂಡರ್ ನೋಡಿಕೊಂಡವರು ಅಂದಮೇಲೆ ಹ್ಯಾಂಕಾಕ್‌ನ ಕ್ವಿನ್ಸಿ ತಾಮ್ರ ಗಣಿಗೆ ಒಂದು ಪೂರ್ತಿ ದಿನ ಎತ್ತಿಡಿ. ಬಹಳ ಜನ ಸುರಂಗದೊಳಗೆ ಹೋಗಿ, ಹೆಲ್ಮೆಟ್ ಹಾಕಿಕೊಂಡು ಫೋಟೊ ತೆಗೆಸಿಕೊಂಡು, ಕೀವಿನಾ ತುದಿಯ ಕಾಪರ್ ಹಾರ್ಬರ್ ಊರಿಗೆ ಓಡುತ್ತಾರೆ. ಸುರಂಗದಲ್ಲಿ ಸಿಗುವುದು ಕಾಲು ಭಾಗ ಅಷ್ಟೇ. ಕಲ್ಲು ಶಾಫ್ಟಿನಿಂದ ಮೇಲೆ ಬಂದು, ರೈಲಿನಲ್ಲಿ ಸರೋವರದ ದಂಡೆಯ ಸ್ಟ್ಯಾಂಪ್ ಮಿಲ್ಲಿಗೆ ಹೋಗಿ ಪುಡಿಯಾಗಿ, ಸ್ಮೆಲ್ಟರಿನಲ್ಲಿ ಕರಗಿ ಹಡಗು ಹತ್ತುತ್ತಿತ್ತು. ಮೂರೂ ಜಾಗ ಹ್ಯಾಂಕಾಕ್ ಸುತ್ತಮುತ್ತ ಹತ್ತು ಮೈಲಿಯೊಳಗಿವೆ. ಕಲ್ಲು ಹೋದ ದಾರಿ ಹಿಡಿದು ನೀವೂ ಹೋಗಿ, ಊರಿನ ನಕ್ಷೆ ತಾನಾಗಿ ಅರ್ಥವಾಗುತ್ತದೆ.

ಹೋಟನ್‌ನಿಂದ ಲಿಫ್ಟ್ ಬ್ರಿಜ್ ದಾಟಿ ಗುಡ್ಡ ಹತ್ತಿದರೆ ಬಲಗಡೆ ಕ್ವಿನ್ಸಿಯ ನಂಬರ್ 2 ಶಾಫ್ಟ್‌ಹೌಸ್ (ಶಾಫ್ಟಿನ ಬಾಯಿಯ ಮೇಲಿನ ಕಟ್ಟಡ), 1908ರದು. ಗಣಿ ನಡೆದದ್ದು 1846ರಿಂದ 1945ರವರೆಗೆ. ಶಾಫ್ಟು ಕೆಜಿಎಫ್‌ನ ಹಾಗೆ ನೆಟ್ಟಗಿಲ್ಲ, ತಾಮ್ರದ ಪದರ ವಾಲಿದ ಕಡೆಗೇ ವಾಲಿಕೊಂಡು ಇಳಿಯುತ್ತದೆ. ಅದಕ್ಕೇ ಇಲ್ಲಿ ನೇತಾಡುವ ಕೇಜ್ ಇಲ್ಲ, ಹಳಿಯ ಮೇಲೆ ಓಡುವ ಸ್ಕಿಪ್, ಅಂದರೆ ಕಲ್ಲು ಸಾಗಿಸುವ ತೊಟ್ಟಿ. ಆಳುಗಳನ್ನು ಇಳಿಸಲು ಸ್ಕಿಪ್ ಬಿಚ್ಚಿ, ಮೆಟ್ಟಿಲಿನಂತೆ ಸೀಟುಗಳಿದ್ದ ಮ್ಯಾನ್-ಕಾರ್ ಕಟ್ಟುತ್ತಿದ್ದರು. ಇಳಿಜಾರಿನ ಉದ್ದಕ್ಕೆ ಅಳೆದರೆ 9,260 ಅಡಿ, 92 ಲೆವೆಲ್ (ಒಂದರ ಕೆಳಗೊಂದು ಸುರಂಗದ ಅಂತಸ್ತು). ನೇರ ಆಳ 6,000 ಅಡಿಗೆ ಮೇಲೆ.

ಸ್ಕಿಪ್ ಎಳೆಯುವ ಯಂತ್ರದ ಹಾಯ್ಸ್ಟ್ ಮನೆಯಲ್ಲಿರುವುದು ನಾರ್ಡ್‌ಬರ್ಗ್ ಸ್ಟೀಮ್ ವೈಂಡರ್. 1920ರಲ್ಲಿ ಶುರುವಾಗಿ 1931ರವರೆಗೆ ಮಾತ್ರ ಓಡಿದ್ದು. 10 ಟನ್ ಕಲ್ಲನ್ನು ಗಂಟೆಗೆ 36 ಮೈಲಿ ವೇಗದಲ್ಲಿ ಎಳೆಯುತ್ತಿತ್ತು. ಹಗ್ಗ ಸುತ್ತುವ ಡ್ರಮ್ಮಿನ ಆಕಾರ ಗಮನಿಸಲು ತಂದೆಯವರಿಗೆ ಹೇಳಿ, ಅವರಿಗೆ ಹೇಳುವ ಅಗತ್ಯವೇ ಬೀಳಲಿಕ್ಕಿಲ್ಲ: ಎರಡು ತುದಿ ಶಂಕುವಿನ ಹಾಗೆ ಕಿರಿದು, ನಡು ಭಾಗ 30 ಅಡಿ ವ್ಯಾಸದ ಸಿಲಿಂಡರ್. ಸ್ಕಿಪ್ ತಳದಲ್ಲಿದ್ದಾಗ ಹಗ್ಗದ ಪೂರ್ತಿ ತೂಕವೂ ಎಂಜಿನ್ನಿನ ಮೇಲೆ. ಆಗ ಹಗ್ಗ ಕಿರಿದಾದ ತುದಿಗೆ ಸುತ್ತಿಕೊಳ್ಳುವುದರಿಂದ ಎಳೆಯುವುದು ಹಗುರ. ಹಗ್ಗ ಮೇಲೆ ಬಂದು ತೂಕ ಇಳಿದಂತೆ ದೊಡ್ಡ ವ್ಯಾಸಕ್ಕೆ ಹತ್ತುತ್ತದೆ, ವೇಗ ಏರುತ್ತದೆ. ಹಬೆಯನ್ನೂ ಎರಡು ಸಲ ದುಡಿಸಿಕೊಳ್ಳುತ್ತದೆ, ಮೊದಲು ಸಣ್ಣ ಸಿಲಿಂಡರಿನಲ್ಲಿ, ಆಮೇಲೆ ದೊಡ್ಡದರಲ್ಲಿ. ಚಾಲಕ ನಿಲ್ಲುವ ಕಟ್ಟೆ, ಸ್ಕಿಪ್ ಎಲ್ಲಿದೆ ಎಂದು ತೋರಿಸುವ ದೊಡ್ಡ ಡಯಲ್ ಎಲ್ಲ ಹಾಗೇ ಇವೆ.

ಇನ್ನು ನೆಲದಡಿಯ ಟೂರ್. ಪೂರ್ತಿ ಟೂರ್ ಸುಮಾರು ಎರಡು ಗಂಟೆ. ಹಲ್ಲು-ಹಳಿಯ ಟ್ರಾಮ್ ಗುಡ್ಡದ ಮಗ್ಗುಲಲ್ಲಿ ಇಳಿಸುತ್ತದೆ, ಅಲ್ಲಿಂದ ಟ್ರ್ಯಾಕ್ಟರ್ ಎಳೆಯುವ ಗಾಡಿಯಲ್ಲಿ ಅಡಿಟ್ (ಗುಡ್ಡದೊಳಕ್ಕೆ ಅಡ್ಡಡ್ಡ ಹೋಗುವ ಸುರಂಗ) ಮೂಲಕ ಏಳನೇ ಲೆವೆಲ್ಲಿಗೆ. ಅದರ ಕೆಳಗಿನದೆಲ್ಲ ನೀರು ತುಂಬಿದೆ. ಅಡಿಟ್ ಇಷ್ಟು ಅಗಲ ಇರುವುದು ನೋಡಿ ಮೋಸ ಹೋಗಬೇಡಿ. ಮಿಶಿಗನ್ ಟೆಕ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳಿಗೆ ಪಾಠಕ್ಕೆಂದು ಅಗಲಿಸಿದ್ದು ಅದು. ಒಳಗೆ ವರ್ಷವಿಡೀ 43 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 6 ಸೆಲ್ಸಿಯಸ್. ಕೆಜಿಎಫ್‌ನ ಆಳದ ಲೆವೆಲ್‌ಗಳಲ್ಲಿ ಬಂಡೆಯ ಬಿಸಿಯೇ 60 ಸೆಲ್ಸಿಯಸ್ ದಾಟುತ್ತಿತ್ತು, ಅಲ್ಲಿ ಬೆವರಿದವರು ಇಲ್ಲಿ ನಡುಗುತ್ತಾರೆ. ಕೋಟು, ಹೆಲ್ಮೆಟ್ ಅವರೇ ಕೊಡುತ್ತಾರೆ. ನೆಲ ಒದ್ದೆ, ಏರುತಗ್ಗು, ಒಳಗೆ ಕೂರಲು ಜಾಗ ಕಡಿಮೆ. ತಾಯಿಯವರಿಗೆ ಮೇಲ್ಮೈ ಟೂರ್ ಮಾತ್ರ ಕೊಳ್ಳಬಹುದು, ಅದಕ್ಕೆ ಬೇರೆ ಟಿಕೆಟ್ ಇದೆ. ಹಾಯ್ಸ್ಟ್ ಮನೆ ಅದರಲ್ಲೇ ಬರುತ್ತದೆ. ಒಳಗೆ ಹೋಗಲೇಬೇಕು ಅಂದರೆ ಸೀರೆ ಬೇಡ, ನೆರಿಗೆ ಕೆಸರಲ್ಲಿ ಎಳೆಯುತ್ತದೆ. ಚೂಡಿದಾರ್, ಉಣ್ಣೆ ಕಾಲುಚೀಲ, ಹಿಡಿತ ಇರುವ ಶೂ.

ಮಧ್ಯಾಹ್ನ ಎಂ-26 ಹಿಡಿದು ಮೇಸನ್ ಕಡೆ ಹೋಗಿ. ಟಾರ್ಚ್ ಸರೋವರದ ದಂಡೆಯಲ್ಲಿ ಕ್ವಿನ್ಸಿ ಮಿಲ್ಲಿನ ಪಾಳು, ಅದರೆದುರು ನೀರಿನಲ್ಲಿ ಅರ್ಧ ಮುಳುಗಿ ನಿಂತ ಡ್ರೆಜ್ (ತಳದ ಮರಳೆತ್ತುವ ದೋಣಿ-ಯಂತ್ರ). ಮೊದಲು ಮಿಲ್ಲು ಹ್ಯಾಂಕಾಕ್ ಹತ್ತಿರವೇ ಇತ್ತು; ಮರಳು ಬಿದ್ದೂ ಬಿದ್ದೂ ಹಡಗಿನ ಹಾದಿ ತುಂಬತೊಡಗಿದ ಮೇಲೆ ಇಲ್ಲಿಗೆ ಸಾಗಿಸಿದರು. ಹಳೆಯ ಮಿಲ್ಲುಗಳು ಬಹಳಷ್ಟು ತಾಮ್ರವನ್ನು ಮರಳಿನ ಜೊತೆಗೇ ಸರೋವರಕ್ಕೆ ಬಿಟ್ಟಿದ್ದವು. ಮುಂದೆ ಅದೇ ಮರಳನ್ನು ತಳದಿಂದ ಹೀರಿ ಮತ್ತೆ ಅರೆಯಲು ತಂದದ್ದು ಈ ಡ್ರೆಜ್. 1967ರಲ್ಲಿ ಮುಳುಗಿತು. ಕೆಜಿಎಫ್‌ನ ಸೈನೈಡ್ ದಿಬ್ಬ ಕಂಡವರಿಗೆ ಈ ಮರಳಿನ ವಿಚಾರ ವಿವರಿಸಬೇಕಿಲ್ಲ. ಕಾರು ರಸ್ತೆ ಬದಿಯಲ್ಲೇ ನಿಲ್ಲುತ್ತದೆ, ಅಮ್ಮನವರು ಇಳಿಯದೆಯೂ ಕಾಣುತ್ತದೆ. ವಾಪಸ್ ಬರುವಾಗ ರಿಪ್ಲಿಯಲ್ಲಿ ನೀರಿನ ಪಕ್ಕ 1898ರ ಸ್ಮೆಲ್ಟರ್. ಅದು ನಿಂತಿರುವುದೇ ಹಳೆಯ ಮಿಲ್ಲಿನ ಮರಳಿನ ಮೇಲೆ. ಒಳಗೆ ಬಿಡುವ ದಿನಗಳು ಕಡಿಮೆ, ಮೊದಲೇ ವಿಚಾರಿಸಿ. ಇಲ್ಲದಿದ್ದರೂ ಹೊರಗಿನಿಂದ ಇಡೀ ಸಾಲು ಕಾಣುತ್ತದೆ.

ಪಾಸ್ ಬಗ್ಗೆ: ಕೀವಿನಾ ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್ (1992) ಬೇಲಿ ಹಾಕಿದ ಒಂದು ಪಾರ್ಕ್ ಅಲ್ಲ. ಕ್ಯಾಲ್ಯುಮೆಟ್ ಊರಿನ ಅದರ ವಿಸಿಟರ್ ಸೆಂಟರ್‌ಗೆ ಪ್ರವೇಶ ಶುಲ್ಕವಿಲ್ಲ. ಉಳಿದ ಇಪ್ಪತ್ತಕ್ಕೂ ಹೆಚ್ಚು ತಾಣಗಳನ್ನು ಬೇರೆ ಬೇರೆ ಸಂಸ್ಥೆಗಳು ನಡೆಸುತ್ತವೆ, ಕ್ವಿನ್ಸಿಯೂ ಅದರಲ್ಲಿ ಒಂದು. ಫೆಡರಲ್ ಪಾಸ್ ಅಲ್ಲಿ ನಡೆಯೋಲ್ಲ. ಫೋರ್ಟ್ ವಿಲ್ಕಿನ್ಸ್‌ನಂಥ ರಾಜ್ಯದ ಪಾರ್ಕುಗಳಿಗೆ ಮಿಶಿಗನ್ ರಿಕ್ರಿಯೇಷನ್ ಪಾಸ್‌ಪೋರ್ಟ್ ಬೇಕು; ಕಾರಿನ ರಿಜಿಸ್ಟ್ರೇಷನ್ ನವೀಕರಿಸುವಾಗ ಅದಕ್ಕೂ ಕಟ್ಟಿದ್ದರೆ ನಂಬರ್ ಪ್ಲೇಟಿನ ಸ್ಟಿಕ್ಕರ್ ಮೇಲೆ ‘ಪಿ’ ಅಕ್ಷರ ಇರುತ್ತದೆ.

ಉತ್ತರದಾರಿ

ಮೇಲಿನವರು ಹೇಳಿದ್ದು ಸರಿ. ದಾರಿ ಮತ್ತು ಮರದ ವಿಷಯ ನಾನು ಸೇರಿಸ್ತೀನಿ.

ನೋವೈನಿಂದ ಹೋಟನ್ ಸುಮಾರು 540 ಮೈಲಿ, ಬರೀ ಡ್ರೈವಿಂಗೇ ಒಂಬತ್ತು ಗಂಟೆ. ವಯಸ್ಸಾದವರನ್ನ ಕೂರಿಸಿಕೊಂಡು ಒಂದೇ ದಿನಕ್ಕೆ ಹೊಡೀಬೇಡಿ. ಮೊದಲ ರಾತ್ರಿ ಮ್ಯೂನಿಸಿಂಗ್ ಅಥವಾ ಮಾರ್ಕೆಟ್ (Marquette) ಊರಲ್ಲಿ ಉಳ್ಕೊಳ್ಳಿ. ಮರದ ಕಥೆಯ ಅತಿ ಸುಲಭದ ಜಾಗ ದಾರೀಲೇ ಇದೆ: ಗ್ರೇಲಿಂಗ್ ಹತ್ತಿರ ಐ-75ರ 259ನೇ ಎಕ್ಸಿಟ್, ಹಾರ್ಟ್‌ವಿಕ್ ಪೈನ್ಸ್. ಮಿಶಿಗನ್‌ನ ಬಿಳಿ ಪೈನ್ ಕಾಡೆಲ್ಲ ಬೋಳಾದಾಗ ಕೊಡಲಿ ತಾಗದೆ ಉಳಿದ 49 ಎಕರೆ ಅಲ್ಲಿದೆ. ಒಂದೂಕಾಲು ಮೈಲಿಯ ಸುತ್ತುದಾರಿಗೆ ಟಾರ್ ಹಾಕಿದಾರೆ, ವೀಲ್‌ಚೇರ್ ಹೋಗುತ್ತೆ. ಅಮ್ಮನಿಗೆ ಪೂರ್ತಿ ಸುತ್ತು ಬೇಡ ಅಂದ್ರೆ ಅರ್ಧಕ್ಕೇ ತಿರುಗಿಸಿ.

ಅಲ್ಲಿನ ಲಾಗಿಂಗ್ ಮ್ಯೂಸಿಯಂನಲ್ಲಿ ಆಳೆತ್ತರ ಮೀರಿದ ಮರದ ಚಕ್ರಗಳ ಗಾಡಿ ನೋಡಿ. ಅದಕ್ಕೂ ಮುಂಚೆ ದಿಮ್ಮಿ ಎಳೀತಿದ್ದದ್ದು ಚಳಿಗಾಲದಲ್ಲಿ ಮಾತ್ರ: ರಾತ್ರಿ ರಸ್ತೆಗೆ ನೀರು ಚಿಮುಕಿಸಿ ಐಸ್ ಕಟ್ಟಿಸಿ, ಅದರ ಮೇಲೆ ಸ್ಲೆಡ್ ಜಾರಿಸೋರು. ಹಿಮ ಕಡಿಮೆ ಬಿದ್ದ ವರ್ಷ ದಿಮ್ಮಿಗಳು ಕಾಡಲ್ಲೇ ಉಳೀತಿದ್ವು. ಈ ದೊಡ್ಡ ಚಕ್ರದ ಗಾಡಿ ಬಂದಮೇಲೆ, ದಿಮ್ಮಿಯ ಒಂದು ತುದಿಯನ್ನ ಅಚ್ಚಿನ ಕೆಳಗೆ ಸರಪಳಿಯಲ್ಲಿ ಎತ್ತಿ ಕಟ್ಟಿ, ಇನ್ನೊಂದು ತುದಿ ನೆಲಕ್ಕೆ ಉಜ್ಜಿಕೊಂಡೇ ಬೇಸಿಗೆಯಲ್ಲೂ ಎಳೆಯೋ ಹಾಗಾಯ್ತು. ಚಕ್ರ ದೊಡ್ಡದಾದಷ್ಟೂ ಬುಡದ ಕೊರಡುಗಳ ಮೇಲೆ ಹತ್ತಿ ಇಳಿಯೋದು ಸಲೀಸು.

ಮ್ಯಾಕಿನಾ ಸೇತುವೆ ದಾಟಿದ ಮೇಲೆ ಯುಎಸ್-2, ಎಂ-117, ಎಂ-28. ಸೀನಿಯಿಂದ ಶಿಂಗಲ್‌ಟನ್ ತನಕ 25 ಮೈಲಿ ಗೆರೆ ಎಳೆದ ಹಾಗೆ ನೇರ ರಸ್ತೆ, ನಿದ್ದೆ ತೂಗುತ್ತೆ, ಚಾಲಕ ಬದಲಾಯಿಸಿಕೊಳ್ಳಿ. ಆ ವಾರ ಅಲ್ಲಿ ಬೆಳಿಗ್ಗೆ ಏಳೂವರೆ ಆದ್ರೂ ಸರಿಯಾಗಿ ಬೆಳಕು ಹರಿದಿರಲ್ಲ. ಈಸ್ಟರ್ನ್ ಟೈಮಿನ ಪಶ್ಚಿಮದ ಅಂಚು ಅದು. ಜಿಂಕೆಗಳು ರಸ್ತೆಗೆ ಬರೋದೂ ಅದೇ ಹೊತ್ತಿಗೆ, ಮತ್ತೆ ಸಂಜೆ ಏಳರಿಂದ. ಬೆಳಗಿನ ಅವಸರ ಇಟ್ಕೋಬೇಡಿ.

ಕೀವಿನಾ ತುದಿಯಲ್ಲಿ ಎಸ್ಟಿವಾಂಟ್ ಪೈನ್ಸ್ ಅಂತ ಇನ್ನೊಂದು ಹಳೇ ಕಾಡಿದೆ, ಮಿಶಿಗನ್ ನೇಚರ್ ಅಸೋಸಿಯೇಷನ್ 1973ರಲ್ಲಿ ಕೊಂಡು ಉಳಿಸಿದ್ದು. ಕಾಡು ಅದ್ಭುತ, ಆದ್ರೆ ಕಾಪರ್ ಹಾರ್ಬರ್‌ನಿಂದ ಮಣ್ಣು ರಸ್ತೆ, ಗುಂಡಿ, ಒಳಗೆ ನಡೆಯೋ ದಾರಿ ತುಂಬಾ ಬೇರು. ಅಮ್ಮ ಜೊತೆಗಿದ್ರೆ ಹಾರ್ಟ್‌ವಿಕ್ ಸಾಕು.

ಫೇಯೆಟ್ ಅಂತ ಕಬ್ಬಿಣ ಕರಗಿಸ್ತಿದ್ದ ಊರಿದೆ, ಗಣಿ ಮತ್ತು ಕಾಡು ಎರಡೂ ಒಂದೇ ಕಡೆ ಸೇರಿದ ಜಾಗ. 1867ರಿಂದ 1891. ಪಕ್ಕದ ಬಂಡೆಯಿಂದ ಸುಣ್ಣಕಲ್ಲು, ಸುತ್ತಲ ಕಾಡಿನಿಂದ ಇದ್ದಿಲು. ಕಾಡು ಮುಗೀತಾ ಬಂತು, ಕುಲುಮೆಯೂ ನಿಂತಿತು. ಕುಲುಮೆ, ಹೋಟೆಲು, ಮನೆಗಳು ಚೆನ್ನಾಗಿ ಉಳಿದಿವೆ. ಆದ್ರೆ ಅದಕ್ಕೆ ಯುಎಸ್-2 ಬಿಟ್ಟು 17 ಮೈಲಿ ದಕ್ಷಿಣಕ್ಕೆ ಇಳಿದು ಮತ್ತೆ ಅದೇ ದಾರೀಲಿ ಹತ್ತಬೇಕು. ಐದನೇ ದಿನ ಸಿಕ್ಕರೆ ಮಾತ್ರ.

ಹುಬ್ಬಳ್ಳಿ_ಟು_ಹೋಟನ್

ಊಟದ್ದು ನಾ ಹೇಳ್ತೀನಿ, ಅದನ್ನ ಯಾರೂ ಹೇಳಂಗಿಲ್ಲ.

ಅಲ್ಲಿ ಎಲ್ಲಾ ಕಡೆ ಪೇಸ್ಟಿ ಸಿಗ್ತದ. ಕಾರ್ನ್‌ವಾಲ್ ಗಣಿ ಮಂದಿ ತಂದದ್ದು, ಕರಿಗಡುಬಿನ ದೊಡ್ಡಣ್ಣ. ಒಳಗ ದನದ ಮಾಂಸ, ಆಲೂಗಡ್ಡಿ, ಉಳ್ಳಾಗಡ್ಡಿ, ರುಟಬೇಗ ಅನ್ನೋ ಗಡ್ಡಿ. ತರಕಾರಿ ಪೇಸ್ಟಿನೂ ಇರ್ತಾವ, ಆದ್ರ ಹೂರಣ ಕೇಳಿ ಸುಮ್ಮನಾಗಬ್ಯಾಡ್ರಿ. ಮ್ಯಾಲಿನ ಹಿಟ್ಟಿಗೆ ಲಾರ್ಡ್, ಅಂದ್ರ ಹಂದಿ ಕೊಬ್ಬು, ಹಾಕಿರ್ತಾರ. ಹೊಳಪಿಗೆ ಮೊಟ್ಟಿ ಸವರಿರ್ತಾರ. ಎರಡನ್ನೂ ಬ್ಯಾರೆ ಬ್ಯಾರೆ ಕೇಳ್ರಿ. “ವೆಜಿಟೇರಿಯನ್ನಾ?” ಅಂತಷ್ಟೇ ಕೇಳಿದ್ರ “ಹೌದು” ಅಂತಾರ, ಅವರ ಲೆಕ್ಕದಾಗ ಮಾಂಸ ಇಲ್ಲ ಅಂದ್ರ ಮುಗೀತು. ಫಿನ್ಲೆಂಡಿನವರ ನಿಸು ಬ್ರೆಡ್ಡಿನಾಗ ಯಾಲಕ್ಕಿ ಘಮ ಭಾಳ ಛಲೋ ಬರ್ತದ, ಆದ್ರ ಅದರಾಗೂ ಮೊಟ್ಟಿ.

ಹಿಂಗಾಗಿ ಮೈಕ್ರೊವೇವ್, ಫ್ರಿಜ್ ಇರೋ ಮೋಟೆಲ್ ಹಿಡೀರಿ. ಸಣ್ಣ ರೈಸ್ ಕುಕ್ಕರ್, ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ತಗೊಂಡು ಹೋಗ್ರಿ. ಮೊಸರು, ಅಕ್ಕಿ ಹೋಟನ್‌ನ ದೊಡ್ಡ ಅಂಗಡಿಯಾಗ ಸಿಗ್ತಾವ. ರೂಮಿನಾಗ ಒಗ್ಗರಣಿ ಮಾತ್ರ ಹಾಕಬ್ಯಾಡ್ರಿ. ಸಾಸಿವಿ ಸಿಡಿಯೂದಕ್ಕ ಮದಲ ಸ್ಮೋಕ್ ಅಲಾರಂ ಹೊಡಕೋತದ. ಒಗ್ಗರಣಿ ಮನ್ಯಾಗ ಮಾಡಿ ಡಬ್ಬ್ಯಾಗ ಒಯ್ರಿ.

ಪೆಟ್ರೋಲ್ ಕ್ಯಾಲ್ಯುಮೆಟ್‌ನಾಗ ತುಂಬಿಸಿಕೊಳ್ರಿ. ಅಲ್ಲಿಂದ ಮುಂದ ಫೋನ್ ಸಿಗ್ನಲ್ಲೂ ಹೋಗ್ತದ, ನಕ್ಷೆ ಮದಲೇ ಡೌನ್‌ಲೋಡ್ ಇರ್ಲಿ.

ನೋವೈಕನ್ನಡಿಗ

ಎಲ್ಲರಿಗೂ ಥ್ಯಾಂಕ್ಸ್. ಹಂದಿ ಕೊಬ್ಬಿನ ವಿಷಯ ಗೊತ್ತೇ ಇರಲಿಲ್ಲ! ಇನ್ನೊಂದು ಕೇಳಬೇಕಿತ್ತು. ಕ್ಲಿಫ್ ಗಣಿಯ ಪಾಳು, ಪೇನ್ಸ್‌ಡೇಲ್‌ನ ಶಾಫ್ಟ್ ಅಂತೆಲ್ಲ ವಿಡಿಯೊಗಳಲ್ಲಿ ಜನ ಹಾಗೇ ಒಳಗೆ ನುಗ್ಗಿ ಓಡಾಡ್ತಾರೆ. ಅಪ್ಪನಿಗೆ ಅವೂ ಬೇಕಂತೆ. ತಾಮ್ರ ಇರೋ ಒಂದೆರಡು ಕಲ್ಲು ಆರಿಸಿಕೊಂಡು ಬರಬಹುದಾ? ಕ್ಯಾಲ್ಯುಮೆಟ್‌ಗೆ ಅರ್ಧ ದಿನ ಸಾಕಾ?

ಬಡಕಲ್ಲು

ವಿಡಿಯೊ ನೋಡಿ ಪಾಳು ಗಣಿಗೆ ನುಗ್ಗುವುದು ಬೇಡ. ಕಾರಣ ಭೂತ-ಪ್ರೇತ ಅಲ್ಲ, ಮರದ ಮುಚ್ಚಳ. ನೂರು ವರ್ಷದ ಹಿಂದೆ ಗಣಿ ಬಿಟ್ಟು ಹೋದವರು ಎಷ್ಟೋ ಶಾಫ್ಟುಗಳ ಬಾಯಿಗೆ ದಿಮ್ಮಿ ಅಡ್ಡ ಹಾಕಿ, ಮೇಲೆ ಕಲ್ಲು-ಮಣ್ಣು ಸುರಿದು ಹೋದರು. ದಿಮ್ಮಿ ಈಗ ಕೊಳೆತಿದೆ, ಮೇಲೆ ಹುಲ್ಲು ಬೆಳೆದಿದೆ. ಮಳೆ ಬಿದ್ದ ಮೇಲೆ ಮಣ್ಣು ಒಳಕ್ಕೆ ಜಾರುತ್ತದೆ. ಕಾಡಿನ ಮಧ್ಯೆ ನೆಲ ದುಂಡಗೆ ತಗ್ಗಾಗಿ ಕಂಡರೆ, ಹತ್ತಿರದಲ್ಲಿ ಕಾಂಕ್ರೀಟಿನ ಎಂಜಿನ್ ಅಡಿಪಾಯ ಇದ್ದರೆ, ಆ ತಗ್ಗಿನ ಅಂಚಿಗೂ ಹೋಗಬೇಡಿ. ಬೇಲಿ, ಬೋರ್ಡು ಇದ್ದರೆ ದಾಟಲೇಬೇಡಿ. ಮಿಶಿಗನ್‌ನ ಗಣಿ ಜಿಲ್ಲೆಗಳಲ್ಲಿ ಇದನ್ನು ನೋಡಿಕೊಳ್ಳಲೆಂದೇ ಕೌಂಟಿ ಮೈನ್ ಇನ್ಸ್‌ಪೆಕ್ಟರ್ ಇರುತ್ತಾರೆ. ಅಡ್ಡ ಸುರಂಗಗಳ ಬಾಯಲ್ಲಿ ಕಬ್ಬಿಣದ ಸರಳಿನ ಜಾಲರಿ ಕಂಡರೆ ಅದು ಬಾವಲಿಗಳಿಗೆ ಬಿಟ್ಟ ದಾರಿ. ನಿಮ್ಮನ್ನು ತಡೆದು ಅವನ್ನು ಬಿಡುವಂತೆ ಅಳೆದು ಮಾಡಿದ್ದು.

ಕ್ಲಿಫ್ ಅನ್ನು ರಸ್ತೆಯಿಂದ ನೋಡಿದರೆ ಸಾಕು. 1845ರಲ್ಲಿ ಶುರುವಾಗಿ ಈ ಪ್ರದೇಶದಲ್ಲಿ ಮೊದಲು ಲಾಭ ತಂದ ಗಣಿ ಅದು. ಇಲ್ಲಿನ ತಾಮ್ರ ಅದಿರಲ್ಲ, ಶುದ್ಧ ಲೋಹವಾಗಿಯೇ ಬಂಡೆಯಲ್ಲಿರುತ್ತದೆ. ಕೇಳಲು ಸುಲಭ. ಆದರೆ ಗುಡಿಸಲಿನಷ್ಟು ದೊಡ್ಡ ಲೋಹದ ಗಟ್ಟಿ ಸಿಕ್ಕರೆ ಮದ್ದು ಇಟ್ಟರೂ ಒಡೆಯೋಲ್ಲ, ಉಳಿಯಲ್ಲಿ ದಿನಗಟ್ಟಲೆ ಕೆತ್ತಿ ತುಂಡು ಮಾಡಬೇಕಿತ್ತು. ಅದು ಎಂಥದು ಎಂದು ಕಣ್ಣಾರೆ ಕಾಣಲು ಹೋಟನ್‌ನ ಎ. ಇ. ಸೀಮನ್ ಖನಿಜ ಮ್ಯೂಸಿಯಂಗೆ ಹೋಗಿ. ಲೇಕ್ ಸುಪೀರಿಯರ್‌ನ ತಳದಿಂದ 2001ರಲ್ಲಿ ಎತ್ತಿದ, ಸುಮಾರು 17 ಟನ್ನಿನ ತಾಮ್ರದ ಹಲಗೆ ಹೊರಗಿನ ಮಂಟಪದಲ್ಲೇ ಇದೆ. ಮೆಟ್ಟಿಲಿಲ್ಲ, ನಡಿಗೆಯಿಲ್ಲ, ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಪೇನ್ಸ್‌ಡೇಲ್‌ನ ಚಾಂಪಿಯನ್ ನಂಬರ್ 4 ಶಾಫ್ಟ್‌ಹೌಸ್ 1902ರದು, ಕಾಪರ್ ಕಂಟ್ರಿಯಲ್ಲಿ ಇನ್ನೂ ನಿಂತಿರುವವುಗಳಲ್ಲಿ ಅತ್ಯಂತ ಹಳೆಯದು. ಅದನ್ನು ಊರಿನ ಒಂದು ಸ್ವಯಂಸೇವಾ ಗುಂಪು ನೋಡಿಕೊಳ್ಳುತ್ತದೆ. ಮೊದಲೇ ಬರೆದು ಕೇಳಿ. ಗಣಿ ಕೆಲಸ ಮಾಡಿದವರು ಬರುತ್ತಾರೆ ಎಂದು ತಿಳಿಸಿ. ಅಂಥವರ ಜೊತೆ ಮಾತಾಡಲು ಅಲ್ಲಿನವರಿಗೂ ಆಸೆ.

ಕಲ್ಲು ಆರಿಸುವ ಬಗ್ಗೆ: ಕಪ್ಪು ಗುಡ್ಡಗಳಂತೆ ಕಾಣುವ ನಿರುಪಯುಕ್ತ ಕಲ್ಲಿನ ರಾಶಿಗಳೆಲ್ಲ ಯಾರದೋ ಸ್ವತ್ತು. ಕೇಳದೆ ಹತ್ತಬೇಡಿ, ಹತ್ತಿದರೂ ಕಲ್ಲು ಕಾಲಡಿಯಿಂದ ಜಾರುತ್ತದೆ. ಹಣ ತೆಗೆದುಕೊಂಡು ಆರಿಸಲು ಬಿಡುವ ರಾಶಿಗಳಿವೆ, ಅಲ್ಲಿ ಮೆಟಲ್ ಡಿಟೆಕ್ಟರ್ ಕೂಡ ಒಯ್ಯಬಹುದು. ರಾಜ್ಯದ ಜಾಗದಲ್ಲಿ ಒಬ್ಬರಿಗೆ ವರ್ಷಕ್ಕೆ 25 ಪೌಂಡ್ ಮಿತಿ. ನ್ಯಾಷನಲ್ ಪಾರ್ಕಿನ ಜಾಗದಲ್ಲಿ ಒಂದು ಚೂರೂ ಇಲ್ಲ. ಆ ವಾರ ಬೇಟೆಯ ಕಾಲ ಶುರುವಾಗಿರುತ್ತದೆ, ಕಾಡಿನ ಅಂಚಿಗೆ ಹೋಗುವುದಾದರೆ ಕಿತ್ತಳೆ ಬಣ್ಣದ ವೆಸ್ಟ್ ಹಾಕಿ.

ಕ್ಯಾಲ್ಯುಮೆಟ್‌ಗೆ ಅರ್ಧ ದಿನ ಸಾಲದು ಅನ್ನುವುದು ನನ್ನ ಅಭಿಪ್ರಾಯ; ಕಾಪರ್ ಹಾರ್ಬರ್ ಬಿಟ್ಟರೂ ಇದನ್ನು ಬಿಡಬೇಡಿ. ವಿಸಿಟರ್ ಸೆಂಟರ್ ಇರುವ ಯೂನಿಯನ್ ಬಿಲ್ಡಿಂಗ್ 1889ರದು. 1900ರಲ್ಲಿ ತೆರೆದ ಕ್ಯಾಲ್ಯುಮೆಟ್ ಥಿಯೇಟರ್ ಅಲ್ಲಿಂದ ಕೂಗಳತೆಯಲ್ಲಿದೆ. ಏಳನೇ ಬೀದಿಯಲ್ಲಿ ಇಟಾಲಿಯನ್ ಹಾಲ್‌ನ ಕಮಾನು ಮಾತ್ರ ಉಳಿದಿದೆ. 1913ರ ತಾಮ್ರ ಗಣಿ ಕಾರ್ಮಿಕರ ಮುಷ್ಕರದ ಹೊತ್ತಿನಲ್ಲಿ, ಡಿಸೆಂಬರ್ 24ರಂದು, ಕಾರ್ಮಿಕರ ಮಕ್ಕಳ ಕ್ರಿಸ್ಮಸ್ ಕೂಟದಲ್ಲಿ ಯಾರೋ ‘ಬೆಂಕಿ’ ಎಂದು ಕೂಗಿ, ಮೆಟ್ಟಿಲ ಮೇಲೆ ತುಳಿತಕ್ಕೆ ಸಿಕ್ಕಿ 73 ಜನ ಸತ್ತರು, ಅವರಲ್ಲಿ 59 ಮಕ್ಕಳು. ಬೆಂಕಿ ಇರಲೇ ಇಲ್ಲ. ಬಾಗಿಲು ಒಳಕ್ಕೆ ತೆರೆಯುತ್ತಿದ್ದುದೇ ಕಾರಣ ಎಂದು ಬಹಳ ಕಡೆ ಓದುತ್ತೀರಿ, ಇತಿಹಾಸ ಬಲ್ಲವರು ಅದನ್ನು ಒಪ್ಪುವುದಿಲ್ಲ. ಮುಷ್ಕರದ ದೊಡ್ಡ ತಕರಾರು ಒಬ್ಬನೇ ನಡೆಸುವ ಡ್ರಿಲ್ ಮೇಲೆ: ಇಬ್ಬರ ಕೆಲಸ ಒಬ್ಬನಿಗೆ, ಅಪಾಯವಾದರೆ ಪಕ್ಕದಲ್ಲಿ ಯಾರೂ ಇಲ್ಲ. ಕೆಜಿಎಫ್‌ನಲ್ಲಿ ಕೆಲಸ ಮಾಡಿದವರಿಗೆ ಈ ಮಾತು ತಟ್ಟನೆ ತಲುಪುತ್ತದೆ.

ಪಕ್ಕದಲ್ಲೇ ಕಾಪರ್‌ಟೌನ್ ಮ್ಯೂಸಿಯಂ, ಕ್ಯಾಲ್ಯುಮೆಟ್ ಅಂಡ್ ಹೆಕ್ಲಾ ಕಂಪನಿಯ ಪ್ಯಾಟರ್ನ್ ಶಾಪ್ ಕಟ್ಟಡದಲ್ಲಿದೆ. ಎರಕಕ್ಕೆ ಬೇಕಾದ ಮರದ ಅಚ್ಚುಗಳನ್ನು ಮಾಡುತ್ತಿದ್ದ ಜಾಗ. ತಂದೆಯವರು ಅಲ್ಲಿಂದ ಬೇಗ ಹೊರಡುವ ನಂಬಿಕೆ ಇಟ್ಟುಕೊಳ್ಳಬೇಡಿ.

ಲಿಫ್ಟ್‌ಬ್ರಿಜ್

ಬಡಕಲ್ಲು ಹೇಳಿದ್ದು ಒಪ್ಪಿದೆ, ಕಾಪರ್ ಹಾರ್ಬರ್ ಬಿಡುವುದೊಂದನ್ನು ಬಿಟ್ಟು. ಹೋಟನ್‌ನಿಂದ 47 ಮೈಲಿ, ಒಂದು ಗಂಟೆ. ಆ ವಾರ ಎಲೆ ಬಣ್ಣ ತಿರುಗುವ ಹೊತ್ತು, ಬ್ರಾಕ್‌ವೇ ಬೆಟ್ಟದ ತುದಿಗೆ ಕಾರೇ ಹೋಗುತ್ತದೆ, ತಾಯಿಯವರಿಗೂ ಏನಾದರೂ ಬೇಕಲ್ಲ. ಅದೇ ಕಾರಣಕ್ಕೆ ರೂಮುಗಳು ಬೇಗ ತುಂಬುತ್ತವೆ, ಈಗಲೇ ಕಾದಿರಿಸಿ.

ಇನ್ನೊಂದು. ಕ್ವಿನ್ಸಿ ಗೈಡ್ ‘ಏರ್ ಬ್ಲಾಸ್ಟ್’ ಎಂದರೆ ತಂದೆಯವರಿಗೆ ‘ರಾಕ್ ಬರ್ಸ್ಟ್’ ಎಂದು ಹೇಳಿ, ಎರಡೂ ಒಂದೇ. ಆಧಾರಕ್ಕೆ ಬಿಟ್ಟ ಬಂಡೆಗಂಬಗಳ ಮೇಲೆ ಭಾರ ಏರಿ, ಅವು ಒಮ್ಮೆಗೇ ಸಿಡಿದಾಗ ಗಾಳಿ ಸುರಂಗದುದ್ದಕ್ಕೂ ಬಡಿಯುತ್ತಿತ್ತು. ಎರಡೂ ಕಡೆ ಕಾರ್ನಿಷ್ ಗಣಿಗಾರರು ಕೆಲಸ ಮಾಡಿದ್ದರಿಂದ ಸ್ಟೋಪ್ (ಕಲ್ಲು ಕಡಿದು ತೆಗೆಯುವ ಜಾಗ), ಸ್ಕಿಪ್, ಲೆವೆಲ್ ಎಲ್ಲ ಅವವೇ ಪದಗಳು, ಅವರಿಗೆ ಅನುವಾದ ಬೇಕಾಗಲಿಕ್ಕಿಲ್ಲ. ದಿನದ ಮೊದಲ ಟೂರ್ ಹಿಡಿಯಿರಿ, ಗುಂಪು ಚಿಕ್ಕದಿರುತ್ತದೆ, ಹಾಯ್ಸ್ಟ್ ಮನೆಯಲ್ಲಿ ಪ್ರಶ್ನೆ ಕೇಳಲು ಪುರುಸೊತ್ತು ಸಿಗುತ್ತದೆ.

ಹುಬ್ಬಳ್ಳಿ_ಟು_ಹೋಟನ್

ಈಗಲ್ ಹಾರ್ಬರ್ ಹತ್ರ ಸನ್ಯಾಸಿಗಳ ಜಾಮ್ ಅಂಗಡಿ ಅದ, ಜ್ಯಾಂಪಾಟ್ ಅಂತ. ಥಿಂಬಲ್‌ಬೆರ್ರಿ ಜಾಮಿಗೆ ಮೊಟ್ಟಿ ಇಲ್ಲ, ಕೊಬ್ಬಿಲ್ಲ. ಕೇಕಿನಾಗ ರಮ್ ಇರ್ತದ, ಅಮ್ಮಾರಿಗೆ ಕೊಡೂಕಿಂತ ಮದಲ ಲೇಬಲ್ ಓದ್ರಿ. ಆದಿತ್ಯವಾರ ಬಂದ್.